ಪಹಣಿಯಲ್ಲಿ ಯಾರ ಹೆಸರಿದೆ, ಒಮ್ಮೆ ನೋಡಿ

ಮುಂಗಾರು ಹದವಾದರೆ ರೈತ ಸಂಪರ್ಕ ಕೇಂದ್ರದ ಮುಂದೆ ಕಡಲೆಕಾಯಿ ಬೀಜಕ್ಕೆ ಸಾಲು ನಿಲ್ಲುತ್ತದೆ. ಅಂಥದೊಂದು ಬೆಳಿಗ್ಗೆ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದುಕೊಟ್ಟರು. ಮಡಿಚಿ ಮಡಿಚಿ ಅದು ಮಡಿಕೆಯಲ್ಲೇ ಹರಿದಿತ್ತು. 9ನೇ ಕಾಲಂನಲ್ಲಿ ಅವರ ಮಾವನ ಹೆಸರು. ಮಾವ ತೀರಿಕೊಂಡು ಇಪ್ಪತ್ತು ವರ್ಷ, ಗಂಡ ಹೋಗಿ ಆರು ವರ್ಷ. ‘ಉಳೋದು ಬಿತ್ತೋದು ಎಲ್ಲಾ ನಾನೇ ಕಣಪ್ಪ, ಊರಿಗೆಲ್ಲ ಗೊತ್ತು’ ಎಂದರು. ಆದರೆ ಅವರ ಹೆಸರಲ್ಲಿ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇರಲಿಲ್ಲ. ರಿಯಾಯಿತಿ ದರದ ಬೀಜ ಸಿಗಲಿಲ್ಲ.

ಸರ್ಕಾರದ ಸಹಾಯಧನ ಬೆವರು ಸುರಿಸಿದವರನ್ನು ಹುಡುಕಿಕೊಂಡು ಬರುವುದಿಲ್ಲ, ಖಾತೆದಾರರನ್ನು ಹುಡುಕಿಕೊಂಡು ಬರುತ್ತದೆ. ಪಿಎಂ-ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ, ಹನಿ ನೀರಾವರಿಯ ನೆರವು, ಯಂತ್ರೋಪಕರಣಗಳ ರಿಯಾಯಿತಿ, ಎಲ್ಲದಕ್ಕೂ ಬುಡ ಪಹಣಿಯೇ. 2023ರ ಬರದಲ್ಲಿ ಇದು ಕಣ್ಣಿಗೆ ರಾಚಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ದರ, ಎರಡು ಹೆಕ್ಟೇರ್‌ವರೆಗೆ. ಪರಿಹಾರ ಹೋದದ್ದು ಎಫ್‌ಐಡಿ ಕೊಡುವ ಫ್ರೂಟ್ಸ್ ತಂತ್ರಾಂಶದಲ್ಲಿ ನಮೂದಾದ ಜಮೀನಿಗೆ. ಮೂರು ಸರ್ವೆ ನಂಬರ್ ಇದ್ದು ಒಂದನ್ನಷ್ಟೇ ಸೇರಿಸಿದ್ದವರಿಗೆ ಆ ಒಂದರ ಲೆಕ್ಕವೇ ಬಂತು.

ಆದ್ದರಿಂದ ಬಿತ್ತನೆಯ ಗಡಿಬಿಡಿಗೆ ಮುಂಚೆ, ಬೇಸಿಗೆಯಲ್ಲೇ ಈ ಕೆಲಸ ಮುಗಿಸಿಕೊಳ್ಳಿ. ಪಹಣಿಯಲ್ಲಿ ತೀರಿಕೊಂಡವರ ಹೆಸರಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಹಳೆಯ ಸಾವಾದರೆ ಪ್ರಮಾಣಪತ್ರ ಹುಡುಕುವುದೇ ದೊಡ್ಡ ಓಡಾಟ, ಅದಕ್ಕೇ ಮೊದಲು ಕೈ ಹಾಕಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಅದು ಅವರ ಹಕ್ಕು, ಬಿಟ್ಟರೆ ನಾಳೆ ತಕರಾರು ಬಂದು ಖಾತೆಯೇ ನಿಲ್ಲುತ್ತದೆ. 2019ರ ಫೆಬ್ರವರಿ 1ರ ನಂತರ ಕೊಂಡ ಭೂಮಿಗೆ ಪಿಎಂ-ಕಿಸಾನ್‌ನಲ್ಲಿ ತೊಡಕಿದೆ. ಖಾತೆದಾರರು ತೀರಿಕೊಂಡು ವಾರಸಾಗಿ ಬಂದ ಜಮೀನಿಗೆ ವಿನಾಯಿತಿ ಉಂಟು.

ಜಂಟಿ ಖಾತೆಯಾದರೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಕೇಳುತ್ತಾರೆ. ಪ್ರತಿ ಸಲ ಅವರ ಮನೆ ಬಾಗಿಲಿಗೆ ಹೋಗಿ ಸಹಿಗೆ ಕಾಯುವ ಬದಲು ಜಮೀನಿನ ಭಾಗಗಳನ್ನು ಅಳೆದು ತೋರಿಸುವ 11-ಇ ನಕ್ಷೆ ಮಾಡಿಸಿ ವಿಭಾಗ ಮಾಡಿಕೊಳ್ಳುವುದು ನೆಮ್ಮದಿ. ಆಧಾರ್ ಮತ್ತು ಪಹಣಿಯ ಹೆಸರು ತಾಳೆಯಾಗುತ್ತವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿಕೊಳ್ಳಿ.

ನನಗೆ ಹೆಚ್ಚು ಸಂಕಟವಾಗುವುದು ಪಾಲಿಗೆ, ಗುತ್ತಿಗೆಗೆ ಮಾಡುವವರನ್ನು ಕಂಡಾಗ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಗೇಣಿದಾರರು ಭೂಮಿಯ ಒಡೆಯರಾಗಲಿ ಎಂಬುದೇ ಅದರ ಆಶಯ. ಆದರೆ ಇಂದು ಬಾಯಿಮಾತಿನಲ್ಲಿ ಜಮೀನು ಮಾಡುವವರಿಗೆ ಕಾಗದವೇ ಇಲ್ಲ. ಬೆಳೆ ಒಣಗುವುದು ಅವರದು, ಪರಿಹಾರ ಪಟ್ಟಣದಲ್ಲಿರುವ ಮಾಲೀಕರ ಖಾತೆಗೆ. ಈ ಅನ್ಯಾಯ ಸರಿಪಡಿಸಬೇಕಾದದ್ದು ಸರ್ಕಾರ. ಅಲ್ಲಿಯತನಕ ಪರಿಹಾರ ಬಂದರೆ ಯಾರಿಗೆಷ್ಟು ಎಂಬುದನ್ನು ಬಿತ್ತುವ ಮುಂಚೆಯೇ ಮಾಲೀಕರೊಂದಿಗೆ ನಾಲ್ಕು ಜನರ ಮುಂದೆ ಮಾತಾಡಿಕೊಳ್ಳಿ. ಸಾಲಕ್ಕೆ ಜಂಟಿ ಬಾಧ್ಯತಾ ಗುಂಪಿನ ದಾರಿ ಇದೆ, ಬ್ಯಾಂಕಿನಲ್ಲಿ ವಿಚಾರಿಸಿ.

ಅಜ್ಜಿ ಅಂದು ಅಂಗಡಿಯಲ್ಲಿ ಪೂರಾ ದುಡ್ಡು ಕೊಟ್ಟು ಬೀಜ ತಂದರು. ಮಾರನೇ ವಾರ ಮೊಮ್ಮಗನೊಂದಿಗೆ ನಾಡಕಚೇರಿಗೆ ಬಂದರು. ಮಾವನ ಮರಣ ಪ್ರಮಾಣಪತ್ರ ಇನ್ನೂ ಸಿಕ್ಕಿರಲಿಲ್ಲ, ಗಂಡನದು ಅದೇ ಪ್ಲಾಸ್ಟಿಕ್ ಕವರಿನಲ್ಲಿತ್ತು.