ಮನೆ ಕಂಪ್ಯೂಟರಿನ ಕಾವಲಿಗೆ ದುಡ್ಡಿಗಿಂತ ರೂಢಿ ಮುಖ್ಯ

ಮನೆಯ ಕಂಪ್ಯೂಟರಿನ ಸುರಕ್ಷತೆಯ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ ‘ಯಾವ ಆಂಟಿವೈರಸ್ ಒಳ್ಳೆಯದು?’ ಎಂಬುದು. ಬಹಳ ವರ್ಷ ಮನೆಯ ಕಂಪ್ಯೂಟರನ್ನು ನಾನೇ ನೋಡಿಕೊಂಡು ಬಂದ ಮೇಲೆ ನನಗೆ ಮನವರಿಕೆಯಾದದ್ದೆಂದರೆ, ಆ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಹುಡುಕಿದರೂ ಸಾಕು. ಕಾವಲಿಗೆ ಬೇಕಾದ ತಂತ್ರಾಂಶವೆಲ್ಲ ಇವತ್ತು ಕಾಸಿಲ್ಲದೆ ಸಿಗುತ್ತದೆ. ಅದು ಕೆಲಸ ಮಾಡುವುದೂ ಮಾಡದಿರುವುದೂ ನಮ್ಮ ಮೂರ್ನಾಲ್ಕು ರೂಢಿಗಳ ಮೇಲೆ ನಿಂತಿದೆ. ಇದಕ್ಕೆ ದೊಡ್ಡ ಸಾಕ್ಷಿ 2017ರದು. ಆ ವರ್ಷ ಮೇ 12ರಂದು ಹಬ್ಬಲು ಶುರುವಾದ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ಒಳನುಗ್ಗಿದ್ದು ವಿಂಡೋಸಿನ ಒಂದು ದೋಷದ ಮೂಲಕ. ಆ ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ದಾಳಿಗೆ ಸುಮಾರು ಎರಡು ತಿಂಗಳು ಮೊದಲೇ, ಉಚಿತವಾಗಿ ಕೊಟ್ಟಾಗಿತ್ತು. ದಾಳಿಗೆ ಸಿಕ್ಕವುಗಳಲ್ಲಿ ಬಹುಪಾಲು ವಿಂಡೋಸ್ 7 ಕಂಪ್ಯೂಟರುಗಳು. ಆಗ ಅದಕ್ಕೆ ಅಪ್‌ಡೇಟ್ ಇನ್ನೂ ಬರುತ್ತಿತ್ತು. ಬಂದದ್ದನ್ನು ಹಾಕಿಕೊಂಡವರು ಉಳಿದರು.

ಅಪ್‌ಡೇಟ್ ಬೇಡವೆನ್ನುವವರ ದೂರುಗಳೂ ಸುಳ್ಳಲ್ಲ. ಡೇಟಾ ಖರ್ಚಾಗುತ್ತದೆ, ಅರ್ಜೆಂಟ್ ಕೆಲಸವಿದ್ದಾಗಲೇ ಕಂಪ್ಯೂಟರ್ ಆಫ್ ಆಗಿ ಆನ್ ಆಗುತ್ತದೆ. 2021ರಲ್ಲಿ ಬಂದ ಕೆಲವು ವಿಂಡೋಸ್ ಅಪ್‌ಡೇಟುಗಳಿಂದ ಎಷ್ಟೋ ಕಡೆ ಪ್ರಿಂಟರುಗಳು ಕೈಕೊಟ್ಟಿದ್ದೂ ನಿಜ. ಆದರೆ ಇದಕ್ಕೆ ಪರಿಹಾರ ಅಪ್‌ಡೇಟಿನ ಸಮಯವನ್ನು ನಮ್ಮ ಅನುಕೂಲಕ್ಕೆ ಹೊಂದಿಸಿಕೊಳ್ಳುವುದು. ಬೇಕಿದ್ದರೆ ಒಂದು ವಾರ ಮುಂದೂಡುವುದು. ಶಾಶ್ವತವಾಗಿ ನಿಲ್ಲಿಸಿಬಿಟ್ಟರೆ ಪ್ರಿಂಟರ್ ಉಳಿಯಬಹುದು, ಫೈಲುಗಳು ಉಳಿಯುತ್ತವೆಂಬ ಭರವಸೆಯಿಲ್ಲ.

ನಮ್ಮ ಊರುಗಳಲ್ಲಿ ಅಪ್‌ಡೇಟ್ ನಿಂತಿರುವುದಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ, ಅದನ್ನು ಬಿಚ್ಚಿ ಹೇಳಲೇಬೇಕು. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನೊಳಗೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲವೂ ‘ಹಾಕಿಕೊಟ್ಟು’ ಬಂದಿರುತ್ತವೆ. ಎಲ್ಲವೂ ಕ್ರ್ಯಾಕ್ ಮಾಡಿದವು. ಕಳ್ಳಪ್ರತಿ ಎಂದು ಗೊತ್ತಾದೀತೆಂಬ ಭಯಕ್ಕೆ ಅಪ್‌ಡೇಟ್ ಮೊದಲೇ ಬಂದ್ ಆಗಿರುತ್ತದೆ. ಇನ್ನು ಕ್ರ್ಯಾಕ್ ಓಡಿಸುವ ವಿಧಾನ ನೋಡಿ: ಮೊದಲ ಸೂಚನೆಯೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಆಂಟಿವೈರಸ್ಸೇ ಇರಲಿ, ಅದನ್ನು ನಮ್ಮ ಕೈಯಾರೆ ಮಲಗಿಸಿ, ಗುರುತಿಲ್ಲದವರು ಬರೆದ ಪ್ರೋಗ್ರಾಮಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟ ಮೇಲೆ ಯಾರು ಏನು ಮಾಡಲಾದೀತು? ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂದು ಹೆಸರಾದ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಮುಖ್ಯವಾಗಿ ಇಂಥ ಕ್ರ್ಯಾಕುಗಳ ಬೆನ್ನೇರಿ. ಅದರ ಗುರಿ ದೊಡ್ಡ ಕಂಪನಿಗಳಾಗಿರಲಿಲ್ಲ, ಮನೆಯ ಕಂಪ್ಯೂಟರುಗಳೇ ಆಗಿದ್ದವು. ಅದು ಬಿಟ್ಟುಹೋಗುವ ಚೀಟಿಯಲ್ಲಿ 980 ಡಾಲರ್ ಬೆಲೆ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ರಿಯಾಯಿತಿ! ಎಮ್ಸಿಸಾಫ್ಟ್ ಎಂಬ ಕಂಪನಿ 2019ರಲ್ಲಿ ಇದರ ಹಳೆಯ ತಳಿಗಳ ಬೀಗ ತೆಗೆಯುವ ಸಾಧನವನ್ನು ಉಚಿತವಾಗಿ ಕೊಟ್ಟಿತು. ಆಮೇಲಿನ ತಳಿಗಳಿಗೆ ಸಿಕ್ಕವರಲ್ಲಿ ಹೆಚ್ಚಿನವರಿಗೆ ಆ ದಾರಿಯೂ ಮುಚ್ಚಿತು.

‘ನಮ್ಮಂಥವರು ಫೋಟೋಶಾಪ್ ಕೊಳ್ಳಲು ಆಗುತ್ತದೆಯೇ?’ ಎಂಬ ಮಾತಿನಲ್ಲಿ ನ್ಯಾಯವಿದೆ. ಆದರೆ ಮನೆಯ ಅರ್ಜಿ, ಲೆಕ್ಕ, ಮಕ್ಕಳ ಪ್ರಾಜೆಕ್ಟಿಗೆ ಲಿಬ್ರೆಆಫೀಸ್ ಧಾರಾಳ ಸಾಕು. ಚಿತ್ರ ತಿದ್ದಲು ಗಿಂಪ್, ಸಿನಿಮಾ ನೋಡಲು ವಿಎಲ್‌ಸಿ, ಫೈಲ್ ಕುಗ್ಗಿಸಲು 7-ಜಿಪ್ ಇವೆ. ಯೂನಿಕೋಡ್ ಕನ್ನಡ ಇವುಗಳಲ್ಲಿ ಚೆನ್ನಾಗಿಯೇ ಮೂಡುತ್ತದೆ. ವರ್ಡಿನಲ್ಲಿ ಮಾಡಿದ ಕಡತ ಲಿಬ್ರೆಆಫೀಸಿನಲ್ಲಿ ತೆರೆದಾಗ ಕೆಲವೊಮ್ಮೆ ಸಾಲು, ಕೋಷ್ಟಕ ಅಲ್ಲಾಡುತ್ತವೆ, ಇಲ್ಲವೆನ್ನುವುದಿಲ್ಲ. ಡಿಟಿಪಿ ಮಾಡುವವರ ಕಷ್ಟ ಇನ್ನೂ ಹೆಚ್ಚು: ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಪೇಜ್‌ಮೇಕರಿನಲ್ಲಿ ಕೂತ ಕೆಲಸವನ್ನು ರಾತ್ರೋರಾತ್ರಿ ಬದಲಿಸಲಾಗದು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನೇ ನಂಬಿದವರು ಆ ಕಂಪ್ಯೂಟರನ್ನು ಇಂಟರ್‌ನೆಟ್ಟಿನಿಂದ ದೂರವಿಟ್ಟು, ಬ್ಯಾಂಕಿನ ಕೆಲಸ, ಮೇಲ್ ಇವಕ್ಕೆ ಬೇರೆಯದನ್ನು ಬಳಸುವುದು ಒಳ್ಳೆಯದು. ಹೊಟ್ಟೆಪಾಡಿಗೆ ಫೋಟೋಶಾಪೇ ಬೇಕೆಂದಿದ್ದರೆ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಅದು ಕಸುಬಿನ ಬಂಡವಾಳ.

ಈಗ ಆಂಟಿವೈರಸ್ಸಿಗೆ ಬರೋಣ. ವಿಂಡೋಸಿನೊಳಗೇ ಇರುವ ಡಿಫೆಂಡರ್ ಒಂದು ಕಾಲಕ್ಕೆ ಹೆಸರಿಗಷ್ಟೇ ಇತ್ತು, ಈಗ ಹಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ಅದು ಕೆಲವು ವರ್ಷಗಳಿಂದ ಪದೇ ಪದೇ ಪೂರ್ಣ ಅಂಕ ಪಡೆಯುತ್ತಿದೆ. ಅದು ಆನ್ ಆಗಿದ್ದರೆ ಮನೆಗೆ ಸಾಕೆಂಬುದು ನನ್ನ ತೀರ್ಮಾನ. ಅನುಮಾನ ಬಂದಾಗ ಇನ್ನೊಮ್ಮೆ ಪರೀಕ್ಷಿಸಲು ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಸಾಧನಗಳಿವೆ. ‘ಪುಕ್ಕಟೆ ಕೊಡುವವರು ಸುಮ್ಮನೆ ಕೊಡುತ್ತಾರೆಯೇ?’ ಎಂದು ಕೇಳುವವರನ್ನು ನಾನು ಗೌರವಿಸುತ್ತೇನೆ. ಅವಾಸ್ಟ್ ಎಂಬ ಪ್ರಸಿದ್ಧ ಉಚಿತ ಆಂಟಿವೈರಸ್ ತನ್ನ ಬಳಕೆದಾರರು ಯಾವ್ಯಾವ ತಾಣ ನೋಡುತ್ತಾರೆಂಬ ಮಾಹಿತಿಯನ್ನು ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರಲ್ಲಿ ಬಯಲಾಯಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ‘ಕಂಪ್ಯೂಟರ್ ಸ್ವಚ್ಛ ಮಾಡುತ್ತೇನೆ’ ಎನ್ನುವ ಸಿಕ್ಲೀನರಿನ ಒಂದು ಆವೃತ್ತಿಯೊಳಗೆ 2017ರಲ್ಲಿ ಕಳ್ಳರು ತಮ್ಮ ಕೋಡ್ ಸೇರಿಸಿದ್ದರು, ಅದು ಸುಮಾರು 22 ಲಕ್ಷ ಕಂಪ್ಯೂಟರುಗಳಿಗೆ ಹೋಯಿತು. ಇವುಗಳಿಂದ ನಾನು ಕಲಿತದ್ದು, ಬೇಡದ ತಂತ್ರಾಂಶವನ್ನು ಹಾಕಿಕೊಳ್ಳಲೇಬಾರದು, ಬೇಕಾದದ್ದನ್ನು ಆರಿಸುವಾಗ ಮೂಲ ಕೋಡ್ ಬಹಿರಂಗವಾಗಿರುವುದಕ್ಕೆ ಮೊದಲ ಮಣೆ ಹಾಕಬೇಕು ಎಂಬುದು. ಬಹಿರಂಗವಾದದ್ದರಲ್ಲೂ ಮೋಸ ನಡೆದಿದೆ: 2024ರ ಮಾರ್ಚಿನಲ್ಲಿ, ವಿಂಡೋಸಿಗೆ ಬದಲಾಗಿ ಬಳಸಬಹುದಾದ ಲಿನಕ್ಸಿನ ಎಕ್ಸ್‌ಜಡ್ ಎಂಬ ಸಣ್ಣ ಭಾಗದಲ್ಲಿ ಹಿಂಬಾಗಿಲು ಪತ್ತೆಯಾಯಿತು. ಪತ್ತೆಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕೆದಕುತ್ತ ಹೋಗಿ, ಅದು ಸಾಮಾನ್ಯ ಬಳಕೆದಾರರನ್ನು ಮುಟ್ಟುವ ಮೊದಲೇ ಹಿಡಿದರು. ಕೋಡ್ ಮುಚ್ಚಿಟ್ಟಿದ್ದರೆ ಹೊರಗಿನವರೊಬ್ಬರು ಹಾಗೆ ಕೆದಕಿ ನೋಡುವುದು ಇನ್ನೂ ಎಷ್ಟೋ ಕಷ್ಟವಿತ್ತು.

ಒಳ್ಳೆಯ ತಂತ್ರಾಂಶವನ್ನೂ ಕೆಟ್ಟ ಜಾಗದಿಂದ ತಂದರೆ ಕೆಟ್ಟದ್ದೇ ಬರುತ್ತದೆ. ಗೂಗಲ್‌ನಲ್ಲಿ ವಿಎಲ್‌ಸಿ ಎಂದು ಹುಡುಕಿದರೆ ಮೇಲೆ ಕಾಣುವ ಮೊದಲ ಸಾಲು ಜಾಹೀರಾತಾಗಿರಬಹುದು. 2022ರ ಕೊನೆ, 2023ರ ಮೊದಲಲ್ಲಿ ವಿಎಲ್‌ಸಿ, 7-ಜಿಪ್ ಹೆಸರಿನ ನಕಲಿ ತಾಣಗಳು ಹೀಗೇ ಜಾಹೀರಾತಿನ ಮೂಲಕ ಜನರನ್ನು ಸೆಳೆದವು. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿ, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ ಎಂದೇ ಸಲಹೆ ಕೊಟ್ಟಿತು. ಫೈರ್‌ಫಾಕ್ಸಿನಲ್ಲಿ ಯೂಬ್ಲಾಕ್ ಒರಿಜಿನ್ ಹಾಕಿಕೊಂಡರೆ ಆ ಕೆಲಸ ಆಗುತ್ತದೆ, ಅದೂ ಉಚಿತ. ಪಾಸ್‌ವರ್ಡುಗಳನ್ನು ಕಾಪಿಡಲು ಬಿಟ್‌ವಾರ್ಡನ್ ಅಥವಾ ಕೀಪಾಸ್ ಇದೆ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಬಳಸದಿರುವುದಷ್ಟೇ ಅಲ್ಲಿನ ಸಾರ. ಫೋನ್ ಮಾಡಿ, ದೂರದಿಂದಲೇ ನಮ್ಮ ಸಾಧನವನ್ನು ನಡೆಸಲು ಬಿಡುವ ಎನಿಡೆಸ್ಕ್ ಹಾಕಿಕೊಳ್ಳಿ ಎನ್ನುವವರಿಗೆ ಯಾವ ಕಾರಣಕ್ಕೂ ಹೂಂ ಅನ್ನಬಾರದು. ಆ ಬಗೆಯ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿದೆ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

‘ನಮ್ಮ ಕಂಪ್ಯೂಟರಿನಲ್ಲಿ ಕದಿಯುವಂಥದ್ದೇನಿದೆ?’ ಎಂಬ ಮಾತಿಗೆ ರ‍್ಯಾನ್ಸಮ್‌ವೇರೇ ಉತ್ತರ ಕೊಟ್ಟಿದೆ. ಅದಕ್ಕೆ ನಮ್ಮ ಫೈಲುಗಳ ಬೆಲೆ ಗೊತ್ತಿರಬೇಕಿಲ್ಲ. ನಮಗೆ ಬೇಕಾದವು ಎಂಬುದಷ್ಟೇ ಸಾಕು. ಮದುವೆಯ ಫೋಟೋ, ಜಮೀನಿನ ಪಹಣಿಯ ಸ್ಕ್ಯಾನ್, ಅಂಕಪಟ್ಟಿ ಇವುಗಳ ಇನ್ನೊಂದು ಪ್ರತಿ ಬೇರೆಲ್ಲೂ ಇಲ್ಲದಿದ್ದರೆ ನಾವು ಸುಲಿಗೆಕೋರರ ಕೈಗೆ ಸಿಕ್ಕಂತೆಯೇ. ಆದ್ದರಿಂದ ಬ್ಯಾಕಪ್ಪನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಅದಕ್ಕೆ ಬೇಕಾದ ಹೊರಗಿನ ಹಾರ್ಡ್ ಡಿಸ್ಕಿಗೆ ಒಂದಿಷ್ಟು ದುಡ್ಡು ಬೇಕು, ಈ ಇಡೀ ಲೆಕ್ಕದಲ್ಲಿ ತಪ್ಪಿಸಲಾಗದ ಖರ್ಚು ಅದೊಂದೇ. ನಕಲು ಮಾಡಿದ ಮೇಲೆ ಅದನ್ನು ಕಂಪ್ಯೂಟರಿನಿಂದ ಬಿಚ್ಚಿಡಬೇಕು. ಸದಾ ಚುಚ್ಚಿಯೇ ಇಟ್ಟರೆ ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟ ಹಾಗೆ, ಬಂದ ರ‍್ಯಾನ್ಸಮ್‌ವೇರ್ ಅದಕ್ಕೂ ಕೈಹಾಕುತ್ತದೆ. ಆಗೀಗ ಅದರಿಂದ ಒಂದೆರಡು ಫೈಲ್ ತೆರೆದು ನೋಡಬೇಕು, ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಇನ್ನು ವಿಂಡೋಸ್ 10 ಇರುವವರ ಮಾತು. ಅದಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದವರಿಗೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಅವಕಾಶ ಕೊಡಲಾಯಿತು. ವಿಂಡೋಸ್ 11 ಹಿಡಿಸದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಒಗ್ಗಿದರೆ ಹಾಕಿಕೊಳ್ಳಬಹುದು. ‘ಲಿನಕ್ಸ್ ಎಂಜಿನಿಯರುಗಳಿಗೆ ಮಾತ್ರ’ ಎನ್ನುವವರು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ಕೇಳಲಿ. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಐಟಿ ಪಾಠ ಮಾಡುತ್ತಿರುವುದು ಲಿನಕ್ಸಿನ ಮೇಲೆಯೇ.

ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿಯವರಲ್ಲಿ ನನ್ನದೊಂದು ವಿನಂತಿಯಿದೆ. ಗಿರಾಕಿ ಬಾಯಿಬಿಟ್ಟು ಕೇಳದ ಕ್ರ್ಯಾಕುಗಳನ್ನು ತುಂಬುವ ಬದಲು ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ ಹಾಕಿಕೊಡಿ, ಅಪ್‌ಡೇಟ್ ಆನ್ ಇಡಿ, ಬ್ಯಾಕಪ್ ಮಾಡುವುದು ಹೇಗೆಂದು ಹತ್ತು ನಿಮಿಷ ಹೇಳಿಕೊಡಿ. ಆ ಮನೆಯವರು ಕಂಪ್ಯೂಟರಿನ ವಿಷಯದಲ್ಲಿ ನಂಬಿರುವುದು ನಿಮ್ಮನ್ನೇ.