ಪಾಚಿಯ ಎಣ್ಣೆ ಮತ್ತು ಕೊಡದ ನೀರು

ಕೆರೆಯ ನೀರು ಹಸುರಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಹಸುರೇ ಪಾಚಿ. ಬಿಸಿಲು, ಇಂಗಾಲದ ಡೈಆಕ್ಸೈಡ್, ಸಾರಜನಕ ಮತ್ತು ರಂಜಕ ದೊರೆತರೆ ಅದು ಬೇಗನೆ ಬೆಳೆಯುತ್ತದೆ. ಕೆಲವು ಜಾತಿಯ ಪಾಚಿಗಳಲ್ಲಿ ಎಣ್ಣೆ ಶೇಖರವಾಗುತ್ತದೆ. ಅದರಿಂದ ಡೀಸೆಲ್ಲಿನಂಥ ಇಂಧನವನ್ನು ತಯಾರಿಸಬಹುದು.

ಕೊಲ್ಹಾಪುರದ ಕಬ್ಬಿನಂತೆ ಪಾಚಿಗೆ ಫಲವತ್ತಾದ ಭೂಮಿ ಬೇಡ. ಆದರೆ ನೀರು ಬೇಕು. ಒಂದು ಲೆಕ್ಕ ಮಾಡೋಣ. 1 ಹೆಕ್ಟೇರ್ ಕೊಳದಿಂದ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆಂದು ತಿಳಿಯೋಣ.

10,000 ಚದರ ಮೀಟರ್ × 0.005 ಮೀಟರ್ = 50 ಘನ ಮೀಟರ್ = 50,000 ಲೀಟರ್.

ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೆ, ಇದು ಸುಮಾರು 370 ಜನರ ನೀರು!

ಇಚಲಕರಂಜಿ ಪಂಚಗಂಗೆಯ ದಂಡೆಯಲ್ಲಿದೆ. ಆದರೂ ಹೊಳೆ ಮಲಿನವಾದುದರಿಂದ ಕುಡಿಯುವ ನೀರಿಗೆ ಕೃಷ್ಣೆಯ ಕಡೆಗೆ ನೋಡಬೇಕಾಯಿತು. ಇಂಥಲ್ಲಿ ಸಿಹಿನೀರನ್ನು ಪಾಚಿಗೆ ಸುರಿಯುವುದು ಸರಿಯೆ?

ಇದಕ್ಕೊಂದು ದಾರಿಯಿದೆ. ಊರಿನ ಚರಂಡಿ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಇವೆ. ಅದರಲ್ಲಿ ಪಾಚಿ ಬೆಳೆಸಿದರೆ ಪಾಚಿಗೆ ಆಹಾರ ಸಿಗುತ್ತದೆ, ನೀರಿನ ಹೊಲಸೂ ಕಡಿಮೆಯಾಗುತ್ತದೆ. ಬಟ್ಟೆಗೆ ಬಣ್ಣ ಹಾಕಿದ ನೀರಾದರೆ ಬಿಸಿಲನ್ನು ತಡೆಯುತ್ತದೆ. ಮೊದಲು ಬಣ್ಣವನ್ನು ತೆಗೆಯಬೇಕು. ಖರ್ಚಿನ ಮಾತೂ ಇದೆ. ಅಮೆರಿಕದಲ್ಲಿ 1978 ರಿಂದ 1996 ರ ವರೆಗೆ ಈ ಸಂಶೋಧನೆ ನಡೆದರೂ ಪಾಚಿಯ ಇಂಧನ ಪೆಟ್ರೋಲಿಯಂಗಿಂತ ದುಬಾರಿಯಾಗಿಯೇ ಉಳಿಯಿತು.

ಗಡಹಿಂಗ್ಲಜದ ಹಿರಣ್ಯಕೇಶಿ ಮುಂದೆ ಕರ್ನಾಟಕಕ್ಕೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಇಲ್ಲಿ ನಾವು ಕೆಡಿಸಿದ ನೀರು ಅಲ್ಲಿ ಇನ್ನೊಬ್ಬರ ಕೊಡಕ್ಕೆ ಬರುತ್ತದೆ. ಆದ್ದರಿಂದ ಮೊದಲು ಕೊಡ, ಆಮೇಲೆ ಗಾಡಿ.

ವಿದ್ಯಾರ್ಥಿಗಳೇ, ಅಗಲವಾದ ತಟ್ಟೆಯಲ್ಲಿ ನೀರಿಟ್ಟು ದಿನಕ್ಕೆ ಎಷ್ಟು ಇಳಿಯುವುದೆಂದು ಅಳೆಯಿರಿ. ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಯಿಂದಲೇ ಮಾಡಿ ನೋಡಿರಿ.