ಮಕ್ಕಳ ಕೈಗೇ ಬಿಡಿ

ಶಿಕ್ಷಕ ಮಿತ್ರರೇ, ಬೀಜ ಮೊಳೆಯುವುದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವ ಬದಲು ಮಕ್ಕಳಿಗೆ ಮೂರು ಕರಟ, ಒಂದು ಹಿಡಿ ಹೆಸರುಕಾಳು ಕೊಡಿ. ಮಣ್ಣು ತುಂಬಿ ಕಾಳು ಬಿತ್ತಲಿ. ಒಂದಕ್ಕೆ ನೀರು, ಬೆಳಕು ಎರಡೂ ಸಿಗಲಿ. ಇನ್ನೊಂದಕ್ಕೆ ನೀರು ಬೇಡ. ಮೂರನೆಯದು ನೀರಿದ್ದೂ ಕತ್ತಲಲ್ಲಿರಲಿ. ಏನಾಗಬಹುದೆಂದು ಮೊದಲೇ ಊಹಿಸಿ ಬರೆಯಲಿ, ದಿನವೂ ಸ್ಕೇಲ್ ಹಿಡಿದು ಅಳೆಯಲಿ.

ಕತ್ತಲಲ್ಲೂ ಕಾಳು ಮೊಳೆತು, ಸಸಿ ಹಳದಿ ಬಣ್ಣಕ್ಕೆ ತಿರುಗಿ ಉದ್ದುದ್ದ ಬೆಳೆದದ್ದು ಕಂಡಾಗ ‘ಯಾಕೆ ಟೀಚರ್?’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಉತ್ತರ ಹೇಳಲು ಅವಸರಪಡಬೇಡಿ, ‘ನಿನಗೇನು ಅನಿಸುತ್ತೆ?’ ಎಂದು ಕೇಳಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಕಲಿಕಾ ಪದ್ಧತಿಯ ಆಶಯವೂ ಮಕ್ಕಳು ಮಾಡುತ್ತ ಕಲಿಯಲಿ ಎಂಬುದೇ.

ಪೋಷಕರೇ, ಶಾಲೆಯಲ್ಲಿ ಕೊಟ್ಟ ಪ್ರಾಜೆಕ್ಟನ್ನು ನೀವೇ ಮಾಡಿಕೊಡಬೇಡಿ. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ, ಎಳೆದದ್ದು ಮಗುವೇ ಆಗಿರಲಿ.